ಪೆಟ್ಟಿಗೆ ಏದುಸಿರು ಬಿಡುವ ಜಾಗ

"ಸ್ಮೂತ್ ಅಂದ್ರೆ ಬೆಣ್ಣೆ ಮೇಡಂ, ಬೆಣ್ಣೆ!" ಎಂದು ಗೇಮಿನಂಗಡಿಯವನು ಹೊಸ ಪೆಟ್ಟಿಗೆಯನ್ನು ಕೈಗಿಟ್ಟಾಗ ಅವನ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತ್ತು. ಈಗ ಅದೇ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸುತ್ತಿದೆ. ಅಣ್ಣ ನಿನ್ನೆಯಿಂದ ಒಂದು ತುತ್ತೂ ತಿಂದಿಲ್ಲ.

ಅಣ್ಣ ಕ್ರೇನ್ ಡ್ರೈವರ್. ಎತ್ತರದ ಗೂಡಿನಲ್ಲಿ ಕೂತು, ಎರಡು ಹಿಡಿಕೆ ಆಡಿಸಿ, ಕಬ್ಬಿಣದ ತೊಲೆಯನ್ನು ಮಗು ಮಲಗಿಸಿದ ಹಾಗೆ ಇಳಿಸುತ್ತಿದ್ದವನು. ಚಳಿಗಾಲದಲ್ಲಿ ಮಿದುಳಿನೊಳಗೆ ರಕ್ತನಾಳ ಒಡೆದು ಬಿದ್ದ. ಎದ್ದ ಮೇಲೆ ಮಾತಿಲ್ಲ, ಗುರುತಿಲ್ಲ. ಅತ್ತಿಗೆಯನ್ನೂ ನನ್ನನ್ನೂ ಗೋಡೆ ನೋಡಿದ ಹಾಗೆ ನೋಡುತ್ತಾನೆ. ಅದನ್ನೂ ಹೇಗೋ ನುಂಗಿಕೊಂಡೆವು. ಆದರೆ ಅವನು ಏನನ್ನೂ ನುಂಗುತ್ತಿರಲಿಲ್ಲ. ಚಮಚ ತುಟಿಗೆ ತಾಗಿದರೆ ಸಾಕು, ಹಲ್ಲು ಕಚ್ಚಿ ಬಾಯಿ ಮುಚ್ಚಿಬಿಡುತ್ತಿದ್ದ. ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ಕೊಳವೆಯನ್ನು ಕಿತ್ತೆಸೆದ.

ಬೇರೆ ದಾರಿ ಕಾಣದೆ ಅಟ್ಟದಿಂದ ನಮ್ಮ ಹಳೆಯ ವಿಡಿಯೋ ಗೇಮ್ ಇಳಿಸಿದ್ದು ನಾನೇ. ಚಿಕ್ಕಂದಿನಲ್ಲಿ ಅಣ್ಣ ಅದರಲ್ಲಿ ವಿಮಾನದ ಆಟ ಆಡುತ್ತಿದ್ದ. ಒಂದು ಜಾಗದಲ್ಲಿ ಶತ್ರು ವಿಮಾನಗಳು ಹಿಂಡುಹಿಂಡಾಗಿ ಬರುತ್ತವೆ. ಅಷ್ಟನ್ನೂ ಒಟ್ಟಿಗೆ ತೋರಿಸುವ ತಾಕತ್ತು ಆ ಬಡಪಾಯಿ ಪೆಟ್ಟಿಗೆಗೆ ಇರಲಿಲ್ಲ. ಏದುಸಿರು ಬಿಡುತ್ತಿತ್ತು. ಗುಂಡು, ವಿಮಾನ, ಸ್ಫೋಟ ಎಲ್ಲ ನಿಧಾನವಾಗಿ ತೆವಳುತ್ತಿದ್ದವು. ಆ ನಿಧಾನದಲ್ಲಿ ಅಣ್ಣ ತೆರೆಯಿಂದ ಕಣ್ಣು ಕೀಳದೆ ಬಾಯಿ ತೆರೆಯುತ್ತಿದ್ದ. ನಾನು ಹಾಲಲ್ಲಿ ನೆನೆಸಿದ ಬ್ರೆಡ್ಡು ತುರುಕಬೇಕು. "ನಂಗೂ ಒಂದ್ಸಲ ಕೊಡೋ" ಅಂದರೆ, "ಮೊದ್ಲು ತಿನ್ಸು" ಎನ್ನುತ್ತಿದ್ದ. ತಿನ್ನಿಸಿದ್ದಕ್ಕೆ ಬಹುಮಾನವಾಗಿ ಬೆರಳು ಕಚ್ಚುತ್ತಿದ್ದ. "ಅಮ್ಮಂಗೆ ಹೇಳ್ತೀನಿ ನೋಡು!" ಎಂದು ನಾನು ಕಿರುಚಿದರೆ ಕಿಸಿಕಿಸಿ ನಗುತ್ತಿದ್ದ. ಕಚ್ಚಿದ ನೋವಿಗಿಂತ ಆ ನಗುವೇ ಹೆಚ್ಚು ಮೈ ಉರಿಸುತ್ತಿತ್ತು.

ಕಾಯಿಲೆಯ ಅಣ್ಣನ ಕೈಗೆ ಗೇಮಿನ ಗುಂಡಿಗಳ ಪ್ಯಾಡು ಇಟ್ಟಾಗ ಹೆಬ್ಬೆರಳುಗಳು ತಾವಾಗಿಯೇ ಆಡಿದವು. ವಿಮಾನಗಳ ಹಿಂಡು ಬಂತು, ಪೆಟ್ಟಿಗೆ ಏದುಸಿರು ಬಿಟ್ಟಿತು, ಅಣ್ಣ ಬಾಯಿ ತೆರೆದ. ಅತ್ತಿಗೆ ಚಮಚ ಒಳಗಿಟ್ಟರು, ಅವನು ನುಂಗಿದ. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ಮೂರು ಹೊತ್ತೂ ಅದೇ ಆಟ, ಅದೇ ಜಾಗ, ಅದೇ ಚಮಚ. ನೋಡಿಕೊಳ್ಳಲು ಬರುತ್ತಿದ್ದ ನರ್ಸಮ್ಮ ಮಾತ್ರ, "ಬೆರಳು ಹಾಕ್ಬೇಡಿ. ಹಲ್ಲು ಬಿಗಿದ್ರೆ ಬಿಡಿಸೋಕಾಗಲ್ಲ" ಎಂದು ಎಚ್ಚರಿಸಿದ್ದರು.

ಆ ಪೆಟ್ಟಿಗೆ ಮೊನ್ನೆ ಸುಟ್ಟ ವಾಸನೆ ಬಿಟ್ಟು ಸತ್ತಿತು. ಅಂಥದ್ದು ಇನ್ನೊಂದು ಎಲ್ಲೂ ಸಿಗಲಿಲ್ಲ. ಅಂಗಡಿಯವನು ಹೊಸ ಕಾಲದ ಗೇಮಿನ ಪೆಟ್ಟಿಗೆಯೊಳಗೆ ಎಮ್ಯುಲೇಟರ್ ಹಾಕಿಕೊಟ್ಟ. ಹೊಸ ಪೆಟ್ಟಿಗೆ ಹಳೆಯದರ ವೇಷ ಹಾಕಿಕೊಂಡು ಹಳೆಯ ಆಟ ಆಡಿಸುತ್ತದೆ, ಅಷ್ಟೇ. ಹಳೆಯ ಪ್ಯಾಡನ್ನೇ ಅದಕ್ಕೆ ಸಿಕ್ಕಿಸಿಯೂ ಕೊಟ್ಟ.

ಅದೇ ಆಟ, ಅದೇ ಸಂಗೀತ. ಅಣ್ಣನ ಹೆಬ್ಬೆರಳು ಆಡಿತು, ನನಗೆ ಜೀವ ಬಂದಂತಾಯಿತು. ಆದರೆ ವಿಮಾನಗಳ ಹಿಂಡು ಸರ್ರನೆ ನುಗ್ಗಿತು. ಅಣ್ಣನ ವಿಮಾನ ಸಿಡಿಯಿತು. ತೆರೆಯಲು ಹೊರಟ ತುಟಿ ಹಾಗೇ ಬಿಗಿಯಿತು. ಮತ್ತೆ ಆಡಿಸಿದೆ, ಮತ್ತೆ ಸಿಡಿಯಿತು. ಕೊನೆಗೆ ಪ್ಯಾಡು ತೊಡೆಯಿಂದ ಜಾರಿದರೂ ಹಿಡಿಯಲಿಲ್ಲ. ಗಂಟಲಿನಿಂದ ಒಂದು ನರಳಾಟ ಮಾತ್ರ ಬರುತ್ತಿತ್ತು.

"ಸಾಕು ಬಿಡು. ನಾಳೆ ಬೆಳಿಗ್ಗೆ ಹೊಟ್ಟೆಗೇ ಟ್ಯೂಬ್ ಹಾಕ್ತಾರಂತೆ" ಎಂದರು ಅತ್ತಿಗೆ.

"ಕೀಳ್ತಾನೆ ಅತ್ತಿಗೆ."

"ಕೀಳದ ಹಾಗೆ ಕೈ ಕಟ್ತಾರಂತೆ." ಅವರು ಹಾಲು-ಬ್ರೆಡ್ಡಿನ ಬಟ್ಟಲನ್ನು ಅಲ್ಲೇ ಬಿಟ್ಟು, ಚಮಚ ಮಾತ್ರ ಎತ್ತಿಕೊಂಡು, ಆಸ್ಪತ್ರೆಯ ಚೀಲ ತುಂಬಲು ಒಳಗೆ ಹೋದರು.

ಆ ಕೈಗಳನ್ನು ಮಂಚಕ್ಕೆ ಕಟ್ಟುವುದು! ಅವನಲ್ಲಿ ಉಳಿದಿದ್ದೇ ಆ ಕೈ. ಅಂಗಡಿಯವನಿಗೆ ಫೋನ್ ಹಚ್ಚಿದೆ.

"ಹಳೇದು ಆ ಜಾಗದಲ್ಲಿ ನಿಧಾನ ಆಗ್ತಿತ್ತು. ಇದು ಯಾಕೆ ಆಗಲ್ಲ?"

"ಅದು ಹಳೇ ಮೆಷೀನಿನ ದೋಷ ಮೇಡಂ. ನಾನೇ ಸರಿ ಮಾಡಿ ಕೊಟ್ಟಿದೀನಿ" ಎಂದ, ಹೆಮ್ಮೆಯಿಂದ.

"ಆ ದೋಷ ನಂಗೆ ವಾಪಸ್ ಬೇಕು ಕಣಪ್ಪಾ!"

"ಅಯ್ಯೋ, ಅದನ್ನ ಯಾರೂ ಕೇಳಲ್ಲ ಮೇಡಂ..."

"ನಾನು ಕೇಳ್ತಿದೀನಲ್ಲ! ಎಲ್ಲಿ ಒತ್ತಬೇಕು ಹೇಳು!"

ನನ್ನ ದನಿಗೆ ಬೆದರಿದನೋ ಏನೋ, ಒಂದೊಂದಾಗಿ ಹೇಳಿದ. ಮೆನುವಿನೊಳಗೆ ಇನ್ನೊಂದು ಮೆನು, ಅದರೊಳಗೆ ಮತ್ತೊಂದು. ನಾನು ತಲೆಗೂದಲು ಕತ್ತರಿಸಿ ಬದುಕುವವಳು, ಆ ಪದಗಳು ನನ್ನ ಪಾಲಿಗೆ ಕಾಡು. ಎರಡು ಸಲ ತಪ್ಪು ಕಡೆ ಒತ್ತಿ ಹೊರಗೆ ಬಂದೆ. ಮೂರನೆಯ ಸಲ ಸಿಕ್ಕಿತು. ಪ್ರೊಸೆಸರ್ ವೇಗವನ್ನು ಹಳೆಯ ಪೆಟ್ಟಿಗೆಯಷ್ಟಕ್ಕೇ ಇಳಿಸಿದೆ. ಫೋನ್ ಬಿಸಾಡಿ ಆಟ ಶುರು ಮಾಡಿ, ಅಣ್ಣನ ಹೆಬ್ಬೆರಳುಗಳನ್ನು ನಾನೇ ಗುಂಡಿಗಳ ಮೇಲೆ ಕೂರಿಸಿದೆ.

ಕೈ ಕದಲಲಿಲ್ಲ. ವಿಮಾನ ಸಿಡಿಯಿತು. ಮತ್ತೆ ಶುರು ಮಾಡಿದೆ. "ಆಡೋ ಅಣ್ಣಾ. ನಿನ್ನ ಕಾಲಿಗೆ ಬೀಳ್ತೀನಿ. ಆಡು."

ಒಂದು ಹೆಬ್ಬೆರಳು ಕದಲಿತು, ಆಮೇಲೆ ಇನ್ನೊಂದು. ವಿಮಾನ ಎಡಕ್ಕೆ ಬಾಗಿತು, ಮೇಲೇರಿತು, ಆ ಜಾಗ ಬಂತು. ಹಿಂಡು ತೆರೆಯ ತುಂಬ ಕವಿಯಿತು, ಮತ್ತು ಪೆಟ್ಟಿಗೆ ಏದುಸಿರು ಬಿಟ್ಟಿತು! ಎಲ್ಲ ತೆವಳತೊಡಗಿತು.

ಅಣ್ಣ ಬಾಯಿ ತೆರೆದ.

ಚಮಚ ಒಳಗೆ ಅತ್ತಿಗೆಯ ಬಳಿ ಇತ್ತು. ಕೂಗಿ ತರಿಸಿಕೊಳ್ಳುವಷ್ಟರಲ್ಲಿ ಹಿಂಡು ಕರಗುತ್ತದೆ, ಬಾಯಿ ಮುಚ್ಚುತ್ತದೆ. ಬಟ್ಟಲಿಗೆ ಕೈ ಹಾಕಿ ನೆನೆದ ಬ್ರೆಡ್ಡನ್ನು ಬಾಚಿ, ಬೆರಳು ಸಮೇತ ಅವನ ಬಾಯಿಗಿಟ್ಟೆ.

ಹಲ್ಲು ಇಳಿಯಿತು. ನರ್ಸಮ್ಮನ ಮಾತು ನೆನಪಾಯಿತು. ಆದರೆ ಹಲ್ಲು ಬಿಗಿಯಲಿಲ್ಲ. ತೋರುಬೆರಳನ್ನು ಮಾತ್ರ ಹುಡುಕಿ, ಚುರುಕ್ಕೆಂದು ಕಚ್ಚಿ, ಬಿಟ್ಟುಬಿಟ್ಟ. ಕಣ್ಣು ತೆರೆಯ ಮೇಲೆಯೇ ಇತ್ತು. ತುತ್ತು ನುಂಗಿದ. ಗಂಟಲಿನಲ್ಲಿ ಕಿಸಕ್ಕೆಂದು ಒಂದು ಸಣ್ಣ ಸದ್ದಾಯಿತು.

ಅತ್ತಿಗೆ ಚೀಲ ಹಿಡಿದುಕೊಂಡೇ ಓಡಿಬಂದರು, ಏಕೆಂದರೆ ನಾನು ಅಳುತ್ತಾ, ಇಡೀ ಮನೆಗೆ ಕೇಳುವಂತೆ ಕಿರುಚುತ್ತಿದ್ದೆ:

"ಅಮ್ಮಂಗೆ ಹೇಳ್ತೀನಿ ನೋಡು!"