ನಾಲ್ಕನೇ ತುಂಡು

ಟಕ್.

ರಾತ್ರಿ ಎರಡರ ಹೊತ್ತಿಗೆ ಪಕ್ಕದ ಕೋಣೆಯಿಂದ ಆ ಸದ್ದು ಬಂದರೆ ನಾನು ಮಗ್ಗುಲು ಬದಲಿಸಿ ಮಲಗುತ್ತೇನೆ. ಅಪ್ಪ ಎದ್ದು ನೀರು ಕುಡಿದು ಲೋಟದ ಮೇಲೆ ಮುಚ್ಚಳ ಇಟ್ಟಿದ್ದಾರೆ ಎಂದು ಅರ್ಥ. ಬಾರದಿದ್ದರೆ ಎದ್ದು ಹೋಗಿ, ಅವರ ಹೊದಿಕೆ ಏರಿಳಿಯುತ್ತಿದೆಯೇ ಎಂದು ಬಾಗಿಲ ಸಂದಿಯಿಂದ ನೋಡುತ್ತೇನೆ. ಆರು ವರ್ಷದಿಂದ ಹೀಗೆಯೇ.

ಆ ರಾತ್ರಿ ಸದ್ದು ಬಂತು, ನಿದ್ದೆ ಬರಲಿಲ್ಲ. ಅಂದು ಮಧ್ಯಾಹ್ನ ನಾನು ನಾಲ್ಕನೇ ತುಂಡನ್ನು ನೋಡಿದ್ದೆ.

ನಾನು ಕೆಲಸ ಮಾಡುವುದು ಕಡಲತಳದ ಮಣ್ಣನ್ನು ಕಾಪಾಡುವ ಉಗ್ರಾಣದಲ್ಲಿ. ನಾಲ್ಕು ಡಿಗ್ರಿಯ ಚಳಿ, ನೆಲದಿಂದ ಸೂರಿನವರೆಗೆ ಕಬ್ಬಿಣದ ಅಟ್ಟಣಿಗೆ, ಮೂಗಿಗಂಟುವ ಒದ್ದೆ ಕೆಸರಿನ ವಾಸನೆ. ಹಡಗಿನಿಂದ ಉದ್ದನೆಯ ಕೊಳವೆ ಇಳಿಸಿ ತಳಕ್ಕೆ ಚುಚ್ಚಿದರೆ ಮಣ್ಣು ಪದರ ಕೆಡದೆ ಒಳಗೆ ತುಂಬಿಕೊಂಡು ಬರುತ್ತದೆ. ಅದನ್ನು ಒಂದೂವರೆ ಮೀಟರಿನ ತುಂಡುಗಳಾಗಿ ಕತ್ತರಿಸಿ, ಮೇಲ್ತುದಿಗೆ ನೀಲಿ ಮುಚ್ಚಳ, ಕೆಳತುದಿಗೆ ಬಿಳಿ ಮುಚ್ಚಳ ಹಾಕುತ್ತಾರೆ. ಮಣ್ಣಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಯಾವುದು ಮೇಲು ಎಂದು ಹೇಳುವುದು ಆ ಮುಚ್ಚಳ ಮಾತ್ರ. ಅಪ್ಪ ಇಪ್ಪತ್ತೆಂಟು ವರ್ಷ ಹಡಗಿನಲ್ಲಿ ಮಾಡಿದ್ದು ಈ ಕೆಲಸವನ್ನೇ: ಕತ್ತರಿಸುವುದು, ಮುಚ್ಚುವುದು, ಬರೆದಿಡುವುದು.

ನಾನು ಚಿಕ್ಕವಳಿದ್ದಾಗ ಅವರು ಕಾಲೊರಸುವ ಚಾಪೆಯನ್ನು ಮುಚ್ಚಿದ ಬಾಗಿಲಿನ ಅಡಿಗೆ ನೂಕಿ ಭೂಮಿ ನಡುಗುವುದನ್ನು ತೋರಿಸಿದ್ದರು.

"ಚಾಪೆ ಅಂದ್ರೆ ಕಡಲ ತಳ. ನಡುಗಡಲಲ್ಲಿ ಬೆಂಕಿಬೆಟ್ಟದ ಸಾಲಲ್ಲಿ ಹುಟ್ಟುತ್ತೆ, ವರ್ಷಕ್ಕೆ ನಾಲ್ಕು ಬೆರಳಗಲ ಹೀಗೆ ಬರುತ್ತೆ. ಬಾಗಿಲು ನಮ್ಮ ನೆಲ. ತಳ ನಮ್ಮ ನೆಲದ ಅಡಿಗೆ ನುಗ್ಗಬೇಕು. ಸಿಕ್ಕಿಕೊಳ್ತು ನೋಡು. ಆದ್ರೆ ನಾನು ನೂಕೋದು ನಿಲ್ಸಿಲ್ಲ."

ಚಾಪೆ ಮಡಿಕೆ ಬಿದ್ದು ಉಬ್ಬಿತು. ಆಮೇಲೆ ಒಮ್ಮೆಲೇ ಜಾರಿತು. ಬಾಗಿಲು ಧಡ್ಡನೆ ಅದುರಿತು.

"ಅಪ್ಪ ಮಗಳು ಸೇರಿ ಮುರೀರಿ ಅದನ್ನ," ಎಂದು ಅಮ್ಮ ಒಳಗಿನಿಂದ ಕೂಗಿದ್ದಳು. "ಆಮೇಲೆ ಬಾಗಿಲ ಬದಲು ನೀವಿಬ್ರೇ ನಿಂತ್ಕೊಳ್ಳಿ!"

ಅಂಥ ಒಂದೊಂದು ನಡುಕಕ್ಕೂ ಕಡಲೊಳಗಿನ ಇಳಿಜಾರಿನ ಮರಳು ಕುಸಿದು, ಆಳದ ಕೆಸರಿನ ಮೇಲೆ ಹರಡಿಕೊಳ್ಳುತ್ತದೆ. ದಪ್ಪ ಕಾಳು ಮೊದಲು ಕೂರುತ್ತದೆ, ನವುರಾದದ್ದು ಅದರ ಮೇಲೆ. ಮರಳಿನ ಪದರ ಎಣಿಸಿದರೆ ಭೂಕಂಪ ಎಣಿಸಿದಂತೆ. ಇಪ್ಪತ್ತೇಳು ವರ್ಷದ ಹಿಂದೆ ಅಪ್ಪನ ಹಡಗು ನಮ್ಮ ಊರಿನ ಎದುರಿನ ಕಡಲ ಕಂದಕದ ಬಳಿ ಕೊಳವೆ ಇಳಿಸಿದ್ದು ಅದಕ್ಕಾಗಿಯೇ. ಮಣ್ಣಿನಲ್ಲಿ ಒಂದು ಜ್ವಾಲಾಮುಖಿಯ ಬೂದಿ ಸಿಕ್ಕಿತು. ಮೂರು ಸಾವಿರದ ಇನ್ನೂರು ವರ್ಷ ಹಳೆಯದು. ಅದರ ಮೇಲೆ ಮೂರೇ ಮರಳಿನ ಪದರ. ಅಂದರೆ ದೊಡ್ಡ ಕಂಪ ಸುಮಾರು ಸಾವಿರ ವರ್ಷಕ್ಕೊಮ್ಮೆ. ಕೊನೆಯದು ಬಂದು ನಾನೂರು ವರ್ಷ. ಇನ್ನೂ ಆರುನೂರು ವರ್ಷ ಅವಕಾಶವಿದೆ ಎಂದುಕೊಂಡು ಊರಿನವರು ದಡದಲ್ಲೇ ಶಾಲೆ ಕಟ್ಟಿದರು. ಕೆಳಬೀದಿಯಲ್ಲಿ ಮನೆ ಬೇಡ ಎಂದ ಅಮ್ಮನನ್ನು ಅಪ್ಪನೇ ಒಪ್ಪಿಸಿದರು.

ಆರು ವರ್ಷದ ಹಿಂದೆ, ಅಪ್ಪನ ನಿವೃತ್ತಿಗೆ ಎರಡು ತಿಂಗಳಿರುವಾಗ, ನೆಲ ನಾಲ್ಕು ನಿಮಿಷ ಅದುರಿತು. ಮುಕ್ಕಾಲು ಗಂಟೆಗೆ ಕಡಲು ಬಂತು. ಅಪ್ಪನೂ ನಾನೂ ಗುಡ್ಡದ ಮೇಲಿನ ಉಗ್ರಾಣದಲ್ಲಿದ್ದೆವು. ಅಮ್ಮ ಕೆಳಬೀದಿಯ ಮನೆಯಲ್ಲಿದ್ದಳು. ತಂಗಿ ತಾನು ಪಾಠ ಹೇಳುತ್ತಿದ್ದ ದಡದ ಶಾಲೆಯಲ್ಲಿ, ಎರಡನೇ ಕ್ಲಾಸಿನ ಮಕ್ಕಳ ಜೊತೆ. ಅವಳ ಚಪ್ಪಲಿಯೂ ಸಿಗಲಿಲ್ಲ.

ಆಮೇಲೆ ಜನ ಅಪ್ಪನ ಬಳಿ ಬರತೊಡಗಿದರು. ಅಪ್ಪನೂ ಹೆಂಡತಿ ಮಗಳನ್ನು ಕಳೆದುಕೊಂಡವರೇ, ಜೊತೆಗೆ ಕಡಲತಳ ಬಲ್ಲವರು. "ಸಾವಿರ ವರ್ಷಕ್ಕೊಮ್ಮೆ ಬರೋದು ನಮ್ಮ ಕಾಲಕ್ಕೇ ಬಂತು. ಯಾರ ತಪ್ಪೂ ಅಲ್ಲಮ್ಮ," ಎಂದು ಅವರು ಹೇಳಿದರೆ ಜನರ ಎದೆ ಸ್ವಲ್ಪ ಹಗುರಾಗುತ್ತಿತ್ತು. ತಂಗಿಯ ಕ್ಲಾಸಿನಲ್ಲಿದ್ದ ಹುಡುಗಿಯೊಬ್ಬಳ ತಾಯಿ, ಹೊಲಿಗೆ ಕೆಲಸದವಳು, ಪ್ರತಿ ಭಾನುವಾರ ಬಂದು ಆ ಮಾತನ್ನು ಮತ್ತೆ ಕೇಳಿಕೊಂಡು ಹೋಗುತ್ತಾಳೆ.

ಈಗ ಕೆಳಬೀದಿಯ ನಿವೇಶನಗಳನ್ನು ಜನರಿಗೆ ಮರಳಿಸಬೇಕೋ ಬೇಡವೋ ಎಂದು ಊರಿನ ಸಮಿತಿ ತೀರ್ಮಾನಿಸಬೇಕಿತ್ತು. ಅದಕ್ಕೆ ಮರುಎಣಿಕೆ ಕೇಳಿದ್ದರು. ಹಳೆಯ ಫೋಟೋಗಳೂ ಚಿತ್ರಗಳೂ ಕೆಳಗಿನ ಕಚೇರಿಯ ಜೊತೆ ಕಡಲಿಗೆ ಹೋಗಿದ್ದವು. ಉಳಿದದ್ದು 'ಬೂದಿಯ ಮೇಲೆ ಮೂರು ಪದರ' ಎಂಬ ವರದಿಯ ಒಂದು ಸಾಲು. ಮಣ್ಣು ಮಾತ್ರ ಗುಡ್ಡದ ಮೇಲೆ ಭದ್ರವಾಗಿತ್ತು. ಹೊಸ ಎಕ್ಸ್‌ರೇ ಯಂತ್ರವೂ ಬಂದಿತ್ತು. ಅದನ್ನು ನಡೆಸುವ ಹುಡುಗನಿಗೆ ನಾವು ಇಟ್ಟ ಹೆಸರು ಗಡಿಬಿಡಿ.

"ಅಕ್ಕಾ, ಯಂತ್ರ ಬಿಸಿಯಾಗಿದೆ, ನಾನು ಮರಗಟ್ಟಿದ್ದೀನಿ. ಒಂದು ಟೀ ಕುಡಿದು ಬರ್ತೀನಿ. ನಾಲ್ಕನೇದು ನೀವೇ ಹಾಕ್ಕೊಳ್ಳಿ," ಎಂದು ಅವನು ಹೋದ. ನಾನು ನಾಲ್ಕನೇ ತುಂಡನ್ನು ಹಾಕಿದೆ.

ಪರದೆಯ ಮೇಲೆ ಚಿತ್ರ ಮೂಡಿತು. ಮೇಲ್ತುದಿಯಲ್ಲಿ ಬೂದಿ, ಅದರ ಕೆಳಗೆ ಐದು ಮರಳಿನ ಪದರ. ಒಂದೊಂದೂ ಬೆರಳಿನಷ್ಟೂ ದಪ್ಪವಿಲ್ಲ, ಬರಿಗಣ್ಣಿಗೆ ಕಪ್ಪುಗೆರೆಯಷ್ಟೇ. ಆದರೆ ಯಂತ್ರಕ್ಕೆ ಕಾಳು ಕಾಣುತ್ತದೆ. ಐದರಲ್ಲೂ ದಪ್ಪ ಕಾಳು ಮೇಲಿತ್ತು, ನವುರು ಕೆಳಗಿತ್ತು. ತುಂಡೇ ತಲೆಕೆಳಗಾಗಿರದ ಹೊರತು ಮರಳು ಹಾಗೆ ಕೂರುವುದಿಲ್ಲ.

ಚಿತ್ರವನ್ನು ತಿರುಗಿಸಿ ನೋಡಿದೆ. ಬೂದಿ ತಳಕ್ಕೆ ಬಂತು, ಐದು ಪದರ ಅದರ ಮೇಲೆ. ಮೊದಲ ಮೂರು ತುಂಡುಗಳ ಮೂರು ಸೇರಿದರೆ ಎಂಟು. ಎಂಟು ಕಂಪ, ಮೂರು ಸಾವಿರದ ಇನ್ನೂರು ವರ್ಷ. ಅಂದರೆ ನಾನೂರು ವರ್ಷಕ್ಕೊಮ್ಮೆ. ಶಾಲೆ ಕಟ್ಟಿದ ದಿನವೇ ಅವಧಿ ಮುಗಿಯುತ್ತ ಬಂದಿತ್ತು.

ಹಡಗಿನ ಹಳೆಯ ರಿಜಿಸ್ಟರ್ ಅಟ್ಟಣಿಗೆಯ ತುದಿಯಲ್ಲಿತ್ತು. ಬೆರಳು ಒದ್ದೆ ಮಾಡಿಕೊಂಡು ಪುಟ ತಿರುವಿದೆ. 'ಬೆಳಗಿನ 3.20. ಅನಿಲ ಉಬ್ಬಿ ನಾಲ್ಕನೇ ತುಂಡಿನ ಎರಡೂ ಮುಚ್ಚಳ ಹಾರಿವೆ. ಮತ್ತೆ ಹಾಕಲಾಗಿದೆ.' ಕೆಳಗೆ ಅಪ್ಪನ ಸಹಿ. ಕಡಲಾಳದ ಒತ್ತಡ ತಪ್ಪಿದ ಮಣ್ಣು ಹಾಗೆ ಮುಚ್ಚಳ ಹಾರಿಸುವುದುಂಟು. ಒಂದು ಹಾರಿದರೆ ಚಿಂತೆಯಿಲ್ಲ. ಎರಡೂ ಹಾರಿದರೆ ಪಕ್ಕದಲ್ಲಿ 'ದಿಕ್ಕು ಸಂದೇಹ' ಎಂದು ಬರೆಯಲೇಬೇಕು. ಬರೆದರೆ ಮುಂದಿನವರು ಪರೀಕ್ಷಿಸುತ್ತಾರೆ. ಕೆಲಸ ಕಲಿಯಲು ಬಂದವರಿಗೆಲ್ಲ ಅಪ್ಪ ಮೊದಲ ದಿನವೇ ಹೇಳುತ್ತಿದ್ದ ಮಾತು ಅದು. ಆ ಪುಟದಲ್ಲಿ ಎರಡು ಪದದ ಜಾಗ ಖಾಲಿಯಿತ್ತು.

ಗಡಿಬಿಡಿ ಬಂದಾಗ ಪರದೆ ಆರಿಸಿದ್ದೆ.

"ಏನಕ್ಕಾ, ಮುಖ ಬಿಳಿಚಿಕೊಂಡಿದೆ?"

"ಚಳಿ ಕಣೋ."

ಮರುದಿನ ಉಗ್ರಾಣದ ಮುಖ್ಯಸ್ಥೆಯಾದ ಮೇಡಂ ನನ್ನ ಮೇಜಿನ ಬಳಿ ನಿಂತು, ಕನ್ನಡಕ ಹಣೆಗೇರಿಸಿ, "ಎಷ್ಟಾಯ್ತು?" ಎಂದರು.

"ಎಂಟು, ಮೇಡಂ."

ಅವರು ಕುರ್ಚಿ ಎಳೆದುಕೊಂಡು ಕೂತರು. ಆ ಅಲೆಯಲ್ಲಿ ಅವರ ಅಣ್ಣನ ಮನೆಯೂ ಹೋಗಿತ್ತು. "ಮೂರಿದ್ದದ್ದು ಎಂಟು ಹೇಗಾಯ್ತು ಅಂತ ಸಮಿತಿಯವರು ನನ್ನ ಕುತ್ತಿಗೆ ಹಿಡೀತಾರೆ. ಕಾರಣ ಬರೀಬೇಕು. ನಾಳೆ ಬೆಳಿಗ್ಗೆ ಕೊಡು."

ಆ ಸಂಜೆ ಊಟಕ್ಕೆ ಕೂತಾಗ ಅಪ್ಪನೇ ಕೇಳಿದರು.

"ಎಣಿಕೆ ಎಲ್ಲಿಗೆ ಬಂತು?"

"ಮುಗೀತು."

"ನಾಲ್ಕನೇದು ನೋಡಿದ್ಯಾ?"

"ಹೂಂ."

"ಹೇಗಿತ್ತು?"

"ಹೇಗಿರುತ್ತೆ? ಕೆಸರು."

"ತಮಾಷೆ ಮಾಡ್ಬೇಡ ಕಣೇ." ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಆ ರಾತ್ರಿ ಹದಿನೆಂಟು ಗಂಟೆ ನಿಂತೇ ಇದ್ದೆ. ಎರಡೂ ಮುಚ್ಚಳ ಹಾರಿದ್ವು. ಒಂದು ಮೇಜಿನಡಿ ಸಿಕ್ತು, ಇನ್ನೊಂದು ಬಾಗಿಲ ಹತ್ರ. ಸರಿಯಾಗೇ ಹಾಕಿದೆ. ಹಾಕಿದೆ ಅಂತಲೇ ನೆನಪು. ಈ ಆರು ವರ್ಷ ಕನಸಲ್ಲಿ ಅದನ್ನೇ ಎತ್ತಿ ಇಡ್ತಿದ್ದೀನಿ. ಒಂದ್ಸಲ ಈ ಕೈಯಲ್ಲಿ ನೀಲಿ ಇರುತ್ತೆ, ಒಂದ್ಸಲ ಆ ಕೈಯಲ್ಲಿ. ನಿನ್ನ ಕೇಳೋಕೆ ಧೈರ್ಯ ಇರ್ಲಿಲ್ಲ." ನನ್ನ ಕಡೆ ಬಾಗಿ, "ಸರಿಯಾಗಿದೆಯಾ?" ಎಂದರು.

ಅವರ ಕೈ ನೋಡಿದೆ. ಕೊಳವೆ ಕತ್ತರಿಸುವಾಗ ಎಡಗೈಯ ಹೆಬ್ಬೆರಳಿಗೆ ಬಿದ್ದ ಗಾಯದ ಗೆರೆ ಇನ್ನೂ ಇದೆ. ಒಂದು ಕ್ಷಣ ಆ ಕೈಯ ಮೇಲೆ ಬಂದ ಸಿಟ್ಟು ನನಗೇ ಹೆದರಿಕೆ ಹುಟ್ಟಿಸಿತು. ಎರಡು ಪದ, ಅಪ್ಪ. ಎರಡು ಪದ ಬರೆಯಲು ಆಗಲಿಲ್ಲವೇ? ಅಮ್ಮ ಈ ಹೊತ್ತಿಗೆ ಬಡಿಸುತ್ತಿದ್ದಳು. ತಂಗಿ ಉಪ್ಪು ಹೆಚ್ಚಾಯಿತು ಎಂದು ಕೊಂಕು ತೆಗೆಯುತ್ತಿದ್ದಳು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಎಪ್ಪತ್ತರ ಹತ್ತಿರ ಬಂದ ಅಪ್ಪನಿಗೆ ನಿಜ ಹೇಳಿದರೆ ಅವರು ಬದುಕುವುದಿಲ್ಲ. ಇದು ನನ್ನ ಊಹೆಯಾಗಿರಲಿಲ್ಲ. ಅಲೆ ಬಂದ ವಾರ ಅವರನ್ನು ಬಂಡೆಯ ಅಂಚಿನಿಂದ ಕರೆತಂದವಳು ನಾನೇ.

"ಸರಿಯಾಗಿದೆ, ಅಪ್ಪ. ದಪ್ಪ ಕಾಳು ಕೆಳಗೆ, ನವುರು ಮೇಲೆ."

"ಮತ್ತೆ ಮೂರೇನಾ?"

"ಎಂಟು. ಎಲ್ಲಾ ತುಂಡಲ್ಲೂ ಕಣ್ಣಿಗೆ ಕಾಣದ ಪದರ ಇದ್ವು. ಯಂತ್ರಕ್ಕೆ ಕಂಡ್ವು."

ತುಟಿಯಲ್ಲೇ ಭಾಗಿಸಿದರು. "ನಾನೂರು," ಎಂದರು. "ಆಗ ಕಾಣೋ ಹಾಗಿರಲಿಲ್ಲ ಅಲ್ವಾ?"

"ಯಾರಿಗೂ ಕಾಣ್ತಿರಲಿಲ್ಲ."

ಅವರು ತುತ್ತನ್ನು ಮತ್ತೆ ಕೈಗೆತ್ತಿಕೊಂಡರು.

ಮರುದಿನ ಬೆಳಿಗ್ಗೆ ಆರಕ್ಕೇ ಉಗ್ರಾಣದ ಬೀಗ ತೆಗೆದೆ. ಪ್ರತಿ ತುಂಡನ್ನೂ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿರುತ್ತೇವೆ. ಒಂದು ಬಳಕೆಗೆ, ಇನ್ನೊಂದು ಯಾರೂ ಮುಟ್ಟದೆ ಕಾಪಾಡಲು. ನಾಲ್ಕನೇದರ ಎರಡೂ ಹೋಳಿನ ಮುಚ್ಚಳಗಳನ್ನು ಅದಲುಬದಲು ಮಾಡಿದೆ. ಹಳೆಯ ಚೀಟಿಗಳನ್ನು ಬಿಸಿನೀರಿನ ಬಟ್ಟೆಯಿಂದ ಬಿಡಿಸಿ ತುದಿ ಬದಲಿಸಿ ಅಂಟಿಸಿದೆ. ಹೊಸದಾಗಿ ಎಕ್ಸ್‌ರೇ ತೆಗೆದೆ, ಮೊನ್ನೆಯದನ್ನು ಅಳಿಸಿದೆ. ರಿಜಿಸ್ಟರ್ ಮುಟ್ಟಲಿಲ್ಲ. ಮಣ್ಣು ಸರಿಯಾದ ಮೇಲೆ ಆ ಸಾಲು ಯಾರನ್ನೂ ತೋರಿಸುವುದಿಲ್ಲ. ಹದಿನೈದು ವರ್ಷದಲ್ಲಿ ಒಂದು ಚೀಟಿಯನ್ನೂ ಸುಳ್ಳು ಬರೆಯದವಳು ನಾನು.

ಕಾರಣ ಬರೆಯುವ ಜಾಗದಲ್ಲಿ 'ಹಳೆಯ ವಿಧಾನದ ಮಿತಿ' ಎಂದು ಬರೆದೆ. ಮೇಡಂ ಎರಡು ಸಲ ಓದಿದರು.

"ಇಷ್ಟೇನಾ?"

"ಇಷ್ಟೇ, ಮೇಡಂ."

ಸಮಿತಿ ಎಂಟನ್ನು ಒಪ್ಪಿತು. ಕೆಳಬೀದಿಯಲ್ಲಿ ಇನ್ನು ಮನೆ ಏಳುವುದಿಲ್ಲ. ಬರುವವರಿಗೆ ಸಲ್ಲಬೇಕಾದ ಅಂಕಿ ಸಂದಿತು ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಹೊಲಿಗೆಯ ಆಕೆ ಬಂದಳು. ಅಪ್ಪ ಎಂದಿಗಿಂತ ಗೆಲುವಾಗಿದ್ದರು.

"ನನ್ನ ಮಗಳೇ ಎಣಿಸಿದ್ದು. ಅವಳನ್ನೇ ಕೇಳಮ್ಮ."

ಆಕೆ ನನ್ನ ಕಡೆ ತಿರುಗಿದಳು. ಮಡಿಲಲ್ಲಿ ಎರಡೂ ಕೈ ಹೆಣೆದುಕೊಂಡಿದ್ದಳು. "ಸಾವಿರ ಅಲ್ಲ, ಬರೀ ನಾನೂರು ವರ್ಷಕ್ಕೊಂದ್ಸಲ ಬರುತ್ತಂತೆ ಅಲ್ವಾ. ಮೊದಲೇ ಗೊತ್ತಾಗೋಕೆ ದಾರಿ ಇತ್ತಾ, ಅಕ್ಕಾ? ಯಾರಾದ್ರೂ ಸರಿಯಾಗಿ ನೋಡಿದ್ದಿದ್ರೆ?"

ಈ ಪ್ರಶ್ನೆ ಕೇಳುವ ಹಕ್ಕು ಇಡೀ ಊರಿನಲ್ಲಿ ಈಕೆಗಿಂತ ಹೆಚ್ಚು ಯಾರಿಗೂ ಇರಲಿಲ್ಲ. ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಅಪ್ಪ ತಲೆಯಾಡಿಸುತ್ತ, ನಾನು ಹೇಳುವುದಕ್ಕೆ ಆಕೆಯಷ್ಟೇ ಆಸೆಯಿಂದ ಕಾಯುತ್ತಿದ್ದರು.

"ಇರಲಿಲ್ಲ," ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಗೇಟಿನವರೆಗೆ ಜೊತೆಗೆ ಹೋದೆ. ಅಲ್ಲಿ ಅಪ್ಪನ ಕಿವಿಗೆ ಕೇಳುತ್ತಿರಲಿಲ್ಲ, ಹೇಳಬಹುದಿತ್ತು. ಆಕೆ ಬೀದಿಯ ತಿರುವು ದಾಟುವವರೆಗೂ ನಿಂತು ನೋಡಿದೆ. ಅಪ್ಪ ಇರುವವರೆಗೆ ಹೇಳುವುದಿಲ್ಲ ಎಂದು ಮೊದಲು ಅಂದುಕೊಂಡೆ. ಆಮೇಲೆ ಅವರು ಹೋದ ಮೇಲೂ ಈಕೆ ಇರುತ್ತಾಳೆ ಎಂಬುದು ಹೊಳೆಯಿತು. ಆಗಲೂ ಹೇಳುವುದಿಲ್ಲ. ಮೇಡಂಗೂ ಇಲ್ಲ, ಗಡಿಬಿಡಿಗೂ ಇಲ್ಲ, ಯಾರಿಗೂ ಇಲ್ಲ. ಗೇಟು ಎಳೆದು ಚಿಲಕ ಹಾಕಿದೆ.