ಮಬಿಲಿಯಾಳ ಕೂಗು

ಕುರಿ ಕಾಯುವ ಓರ್ಸೊನ ಮಗಳು ಮಬಿಲಿಯಾಳ ಗಂಟಲು ಅಂಥಿಂಥದ್ದಲ್ಲ. ದಿಬ್ಬದ ಮೇಲೆ ನಿಂತು ಒಮ್ಮೆ ಕೂಗಿದರೆ ಕೊಳ್ಳದ ಆಚೆ ಮೇಯುತ್ತಿದ್ದ ಕುರಿಗಳೆಲ್ಲ ಹೊರಟು ಬರುತ್ತಿದ್ದವು. ಜೊತೆಗೆ ಪಕ್ಕದವರ ಕುರಿಗಳೂ ಬಂದುಬಿಡುತ್ತಿದ್ದವು. ಅವನ್ನು ಬೇರೆ ಮಾಡುವುದರಲ್ಲಿ ದಿನಕ್ಕೊಂದು ಜಗಳ.

ಉಣ್ಣೆ ಕತ್ತರಿಸುವ ಕಾಲದಲ್ಲಿ ಒಂದು ದಿನ ಅವಳು ಅಪ್ಪನಿಗೆ ಹೇಳಿದಳು. "ಅಪ್ಪಾ, ದೇವರು ನನ್ನ ಕರೀತಿದಾನೆ ಅನ್ಸುತ್ತೆ. ಮಠಕ್ಕೆ ಸೇರ್ಕೋತೀನಿ."

ಓರ್ಸೊ ಕತ್ತರಿ ನಿಲ್ಲಿಸಲಿಲ್ಲ. "ಅವನು ಕರ್ದಿದ್ದು ನಿಂಗೆ ಹೆಂಗೆ ಕೇಳಿಸ್ತು? ನೀನು ಬಾಯಿ ಮುಚ್ಚಿದ್ದು ಯಾವಾಗ?"

"ತಮಾಷೆ ಬೇಡಪ್ಪ."

"ಸರಿ, ಈ ಕುರಿ ಕಾಲು ಹಿಡ್ಕೊ. ಇದೊಂದು ಮುಗಿಸಿ ಮಾತಾಡಣ."

ಅದು ಮುಗಿದ ಮೇಲೆ ಅವನು ಒಳ್ಳೊಳ್ಳೆಯ ಉಣ್ಣೆಯನ್ನೆಲ್ಲ ಆರಿಸಿ ಬೇರೆ ತೆಗೆದಿಟ್ಟ. ಮರುವಾರ ಒಂದು ಹೊರೆ ಉಣ್ಣೆಯನ್ನು ಕಾಣಿಕೆಯೆಂದು ಕತ್ತೆಯ ಮೇಲೆ ಹೇರಿ, ತಾನೇ ನಡೆದುಬಂದು ಮಗಳನ್ನು ಕೆಳಗಿನ ಕಣಿವೆಯ ಕ್ರೈಸ್ತ ಸನ್ಯಾಸಿನಿಯರ ಮಠದ ಬಾಗಿಲಿಗೆ ಬಿಟ್ಟು ಹೋದ.

ಮಠದಲ್ಲಿ ಮಬಿಲಿಯಾಳಿಗೆ ಎಲ್ಲವೂ ಒಗ್ಗಿತು, ಹಾಡೊಂದನ್ನು ಬಿಟ್ಟು. ಅವಳು ಕೀರ್ತನೆ ಎತ್ತಿದ ಮೊದಲ ದಿನವೇ ಗುಡಿಯ ತೊಲೆಗಳ ಮೇಲಿದ್ದ ಪಾರಿವಾಳಗಳು ಪಟಪಟನೆ ಹಾರಿಹೋದವು. ಎಳೆಯ ಸನ್ಯಾಸಿನಿಯರು ನಗು ತಡೆಯಲಾರದೆ ಮುಸುಕು ಬಾಯಿಗೆ ಒತ್ತಿಕೊಂಡರು. ಮಠದ ಹಿರಿಯ ತಾಯಿ ಇಮಿಲ್ದಾ ಅವಳನ್ನು ಪಕ್ಕಕ್ಕೆ ಕರೆದಳು.

"ಸ್ವಲ್ಪ ಮೆತ್ತಗೆ ಹಾಡ್ತೀಯೇನವ್ವಾ?"

"ಅದು ಮೆತ್ತಗೇನೇ ತಾಯೀ."

ಇಮಿಲ್ದಾ ಕಿವಿ ಉಜ್ಜಿಕೊಂಡಳು. "ಹಂಗಾದ್ರೆ ತುಟಿ ಮಾತ್ರ ಆಡಿಸು. ದೇವರಿಗೆ ತಿಳಿಯುತ್ತೆ."

ಮಬಿಲಿಯಾ ಹಾಗೇ ಮಾಡಿದಳು. ಒಂದು ವರ್ಷ ತುಂಬುವುದರೊಳಗೆ ಕೀರ್ತನೆಗಳೆಲ್ಲ ಬಾಯಿಪಾಠವಾದವು. ಆದರೆ ದನಿಯೆತ್ತಿ ಹಾಡದೆ ಉಳಿದದ್ದೆಲ್ಲ ಎದೆಯಲ್ಲೇ ಸಿಕ್ಕಿಕೊಂಡು, ಉಂಡ ಅನ್ನ ಇಳಿಯದ ಹಾಗೆ ಆಗುತ್ತಿತ್ತು. ಅಷ್ಟರಲ್ಲಿ ಸೆರ್ರಾಬೂಯಾ ಘಟ್ಟದ ತುದಿಯಲ್ಲಿ ಮಠದ ಹಳೆಯ ತಂಗುಮನೆಯನ್ನು ನೋಡಿಕೊಳ್ಳುತ್ತಿದ್ದ ಮುದುಕಿ ತೀರಿಕೊಂಡಳು. ಇಮಿಲ್ದಾ ಮಬಿಲಿಯಾಳನ್ನು ಅಲ್ಲಿಗೆ ಕಳಿಸಿದಳು. ಇದು ತನ್ನನ್ನು ಸಾಗಹಾಕುವ ಉಪಾಯವೆಂದೇ ಮಬಿಲಿಯಾಳಿಗೆ ಅನ್ನಿಸಿತು. ಘಟ್ಟ ಹತ್ತುವ ದಾರಿಯುದ್ದಕ್ಕೂ ಅಳುತ್ತಲೇ ಹೋದಳು.

ತಂಗುಮನೆ ಎಂದರೆ ಒಂದು ಕಲ್ಲಿನ ಕೋಣೆ, ಒಂದು ಒಲೆ, ಪಕ್ಕದಲ್ಲಿ ಸೋರುವ ಪುಟ್ಟ ಪ್ರಾರ್ಥನಾಲಯ. ಅವಳು ಮಾಡಿಗೆ ಚಪ್ಪಡಿ ಹೊದಿಸಿದಳು, ಕಾಡಿನ ಚೆಸ್ಟ್‌ನಟ್ ಕಾಯಿ ಒಣಗಿಸಿ ಹಿಟ್ಟು ಮಾಡಿಟ್ಟಳು.

ಶರತ್ಕಾಲದಲ್ಲಿ ಮಂಜು ಇಳಿಯಿತು. ಮಧ್ಯಾಹ್ನವಾದರೂ ಚಾಚಿದ ಕೈ ಕಾಣದಷ್ಟು ದಟ್ಟವಾಗಿತ್ತು. ನೀರು ತರಲೆಂದು ಹೊರಗೆ ಬಂದವಳಿಗೆ ಹೇಸರಗತ್ತೆಗಳ ಗಂಟೆ ಕೇಳಿಸಿತು. ಒಬ್ಬ ಗಂಡಸು ಸಿಕ್ಕ ಸಿಕ್ಕ ಸಂತರನ್ನೆಲ್ಲ ಕರೆದು ಮೊರೆಯಿಡುತ್ತಿದ್ದ. ಸದ್ದು ದಾರಿಯ ಕಡೆಯಿಂದ ಬರುತ್ತಿರಲಿಲ್ಲ, ಪ್ರಪಾತದ ಅಂಚಿನ ಕಡೆಯಿಂದ ಬರುತ್ತಿತ್ತು.

ಮಬಿಲಿಯಾಳ ಕೈಯಿಂದ ಕೊಡ ಬಿತ್ತು. ಅವಳು ಬಾಗಿಲ ಮುಂದಿನ ಬಂಡೆ ಹತ್ತಿ, ಬಾಯಿಗೆ ಬಂದದ್ದನ್ನು ಕೂಗಿದಳು. ಬಾಯಿಗೆ ಬಂದದ್ದು ಸಂಜೆಯ ಕೀರ್ತನೆ. ವರ್ಷವಿಡೀ ತುಟಿಯಲ್ಲೇ ಉಳಿದಿದ್ದ ಹಾಡು ಗಂಟಲು ಹರಿದುಕೊಂಡು ಹೊರಬಂದು, ಎದುರಿನ ಬೆಟ್ಟಕ್ಕೆ ಬಡಿದು ಮಾರ್ದನಿಸಿತು. ಕೆಳಗೆ ಗಂಟೆಗಳು ನಿಂತವು. ಆಮೇಲೆ ಮೆಲ್ಲಗೆ ತಿರುಗಿ, ಅವಳ ಕಡೆಗೆ ಬರತೊಡಗಿದವು. ಅವಳು ನಿಲ್ಲಿಸಲಿಲ್ಲ. ಒಂದು ಕೀರ್ತನೆ ಮುಗಿದರೆ ಇನ್ನೊಂದು ಎತ್ತಿಕೊಂಡಳು.

ಮಂಜಿನೊಳಗಿಂದ ಮೊದಲು ಹೇಸರಗತ್ತೆಯ ಮೂತಿ ಕಾಣಿಸಿತು, ಆಮೇಲೆ ಅದರ ಬಾಲ ಹಿಡಿದು ಬರುತ್ತಿದ್ದ ಮನುಷ್ಯ. ಅವನು ಉಪ್ಪು ಸಾಗಿಸುವ ತೆಬಾಲ್ದೊ. ಬಂದವನೇ ಹೊಸ್ತಿಲ ಮೇಲೆ ಕುಸಿದು ಕೂತ.

"ತಾಯೀ, ಒಂದು ಮಾತು ಕೇಳ್ಲಾ? ಅದು ಹಾಡಾ, ಇಲ್ಲಾ ನನ್ನ ಬೈತಿದ್ರಾ?"

"ಕೀರ್ತನೆ ಕಣಪ್ಪ."

"ನನ್ನ ಹೆಂಡ್ತಿ ಬಯ್ಯೋದೂ ಥೇಟ್ ಹಿಂಗೇನೇ. ಅದಕ್ಕೇ ಕಾಲು ತಾನಾಗೇ ಈ ಕಡೆ ತಿರುಗ್ತು."

ಮಬಿಲಿಯಾ ನಕ್ಕಳು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು. ಬಿಸಿ ಅಂಬಲಿ ಬಡಿಸುವಾಗ ಅವಳ ಎದೆ ಹತ್ತಿಯ ಹಾಗೆ ಹಗುರವಾಗಿತ್ತು.

ಅಂದಿನಿಂದ ಮಂಜು ಕವಿದಾಗಲೆಲ್ಲ ಅವಳು ಬಂಡೆ ಹತ್ತುತ್ತಿದ್ದಳು. ಉಪ್ಪಿನವರು, ಯಾತ್ರಿಕರು, ಮದುವೆ ದಿಬ್ಬಣದವರು ಎಲ್ಲರೂ ಆ ದನಿಯ ಜಾಡು ಹಿಡಿದು ಘಟ್ಟ ದಾಟಿದರು. ಕೆಲವು ವರ್ಷ ಕಳೆದ ಮೇಲೆ, ಒಂದು ಬೇಸಗೆಯಲ್ಲಿ, ಇಮಿಲ್ದಾ ತಾಯಿ ಏದುಸಿರು ಬಿಡುತ್ತ ಘಟ್ಟ ಹತ್ತಿ ಬಂದಳು.

"ವಾಪಸ್ಸು ಬಂದುಬಿಡು ಮಗಳೆ. ಇಲ್ಲಿ ಚಳಿ, ಒಂಟಿ ಬಾಳು. ಗುಡಿಯಲ್ಲಿ ಜೋರಾಗೇ ಹಾಡ್ಕೊ, ಯಾರೂ ಏನೂ ಅನ್ನಲ್ಲ. ಪಾರಿವಾಳ ಹೋದ್ರೆ ಹೋಗ್ಲಿ."

ಮಬಿಲಿಯಾಳಿಗೆ ಆಸೆಯಾಯಿತು. ಗುಡಿಯ ಮೇಣದಬತ್ತಿಗಳ ವಾಸನೆ, ಅಕ್ಕಪಕ್ಕದಲ್ಲಿ ಮಠದ ಅಕ್ಕತಂಗಿಯರು, ಬೆಚ್ಚನೆಯ ಅಡುಗೆಮನೆ ಎಲ್ಲ ನೆನಪಿಗೆ ಬಂದವು. ಅವಳು ದಾರಿಯ ಕಡೆ ನೋಡಿದಳು.

"ಚಳಿಗಾಲ ಬರುತ್ತಲ್ಲ ತಾಯೀ," ಎಂದಳು. "ನಾನು ಅಲ್ಲಿದ್ರೆ ಇಲ್ಲಿ ಕೂಗೋರು ಯಾರು?"

ಇಮಿಲ್ದಾ ಮತ್ತೆ ಒತ್ತಾಯಿಸಲಿಲ್ಲ. ಘಟ್ಟದ ಚಳಿಗೆಂದು ತಂದಿದ್ದ ತನ್ನ ದಪ್ಪ ಉಣ್ಣೆಯ ಮೇಲಂಗಿಯನ್ನು ಅವಳಿಗೆ ಹೊದಿಸಿ ಘಟ್ಟ ಇಳಿದಳು.

ಮಬಿಲಿಯಾಳ ತಲೆ ನರೆತ ಮೇಲೆ ಒಂದು ಚಳಿಗಾಲ ಹಿಮ ಬಿಡದೆ ಸುರಿಯಿತು. ಯಾತ್ರಿಕರ ಗುಂಪೊಂದು ದಾರಿ ತಪ್ಪಿತ್ತು. ಬೆಳಗಿನಿಂದ ಬೈಗಿನವರೆಗೆ ಅವಳು ಕೂಗಿದಳು. ಎಲ್ಲರೂ ಬಂದು ಸೇರಿದರು. ಮರುದಿನ ಬಾಯಿ ತೆರೆದರೆ ಗಾಳಿ ಮಾತ್ರ ಹೊರಟಿತು. ಯಾತ್ರಿಕರು ಜೇನು ನೆಕ್ಕಿಸಿದರು, ಸೊಪ್ಪಿನ ಕಷಾಯ ಕುಡಿಸಿದರು. ಏನು ಮಾಡಿದರೂ ಪಿಸುದನಿಗಿಂತ ಹೆಚ್ಚಿನದು ಮರಳಲಿಲ್ಲ.

ದೇವರು ತನ್ನನ್ನು ಕೆಲಸದಿಂದ ಬಿಡಿಸಿದನೆಂದು ಅವಳು ಕುಗ್ಗಿಹೋದಳು. ಆಗ ತೆಬಾಲ್ದೊ ಬಂದ. ಅವನ ಹೆಂಡತಿ ತೀರಿಕೊಂಡಿದ್ದಳು, ಅವನ ಮಂಡಿಗಳೂ ಸೋತಿದ್ದವು.

"ಹೊರೆ ಹೊರಿಸೋಕೆ ಆಗಲ್ಲ, ಕೂಗೋಕೆ ಆಗುತ್ತೆ," ಎಂದ. "ಹೊಟ್ಟೆಗಿಷ್ಟು ಅಂಬಲಿ ಹಾಕು. ಕೀರ್ತನೆ ಹೇಳ್ಕೊಡು."

ಅವನಿಗೆ ಕೀರ್ತನೆಯ ಲ್ಯಾಟಿನ್ ನಾಲಗೆ ಮೇಲೆ ಹೊರಳುತ್ತಲೇ ಇರಲಿಲ್ಲ. ಆದರೂ ದನಿ ಕೊಳ್ಳ ದಾಟುತ್ತಿತ್ತು. ಇತ್ತ ಒಲೆಯ ಪಕ್ಕ ಪಿಸುಗುಡುವ ಮಬಿಲಿಯಾಳ ಮಾತು ಕೇಳಲು ಬಂದವರೆಲ್ಲ ಹತ್ತಿರ ಸರಿದು ಕೂರಬೇಕಾಗುತ್ತಿತ್ತು. ಹಾಗೆ ಕೂತವರು ಯಾರಿಗೂ ಹೇಳದ್ದನ್ನು ಅವಳಿಗೆ ಹೇಳುತ್ತಿದ್ದರು. ಹೋಗುವಾಗ ಅವಳ ಕೈಗೆ ಮುತ್ತಿಡುತ್ತಿದ್ದರು. ಘಟ್ಟದ ಎರಡೂ ಬದಿಯವರು ರೋಮಿನ ಪೋಪರ ಅಪ್ಪಣೆಗೆ ಕಾಯದೆ ಆಗಲೇ ಅವಳನ್ನು ಸಂತಳೆಂದು ಕರೆಯತೊಡಗಿದ್ದರು. ಅದು ಕಿವಿಗೆ ಬಿದ್ದರೆ ಅವಳು ಸೌಟು ತೋರಿಸಿ ಗದರುತ್ತಿದ್ದಳು.

ಒಂದು ಬೆಳಿಗ್ಗೆ ಮಂಜು ದಟ್ಟವಾಗಿ ಇಳಿದಿತ್ತು. ತೆಬಾಲ್ದೊ ಬಂಡೆಯ ಮೇಲೆ ನಿಂತು ಕೀರ್ತನೆಯ ನಡುವೆ ಮರೆತುಹೋದ ಕಡೆಯಲ್ಲೆಲ್ಲ ತನ್ನ ಹೇಸರಗತ್ತೆಗಳ ಹೆಸರು ತುಂಬಿಸುತ್ತಿದ್ದ. ಕೆಳಗಿನಿಂದ ಯಾರೋ "ಓ" ಎಂದರು, ಮಗುವೊಂದು ಅತ್ತಿತು. ಮಬಿಲಿಯಾ ಸದ್ದಿಲ್ಲದೆ ನಗುತ್ತ, ಅಂಬಲಿಗೆ ಇನ್ನೊಂದು ಬೊಗಸೆ ಹಿಟ್ಟು ಸುರಿದು ಕೈಯಾಡಿಸತೊಡಗಿದಳು.