ಮೂರು ಬಣ್ಣದ ಗುಟುಕು

ಯಾದವಗಿರಿಯ ಹೋಟೆಲೊಂದರ ಬಾರಿನಲ್ಲಿ ಸಿದ್ದಲಿಂಗಸ್ವಾಮಿ ಆರು ವರ್ಷದಿಂದ ಬೇರೆಯವರ ಗ್ಲಾಸು ತುಂಬುತ್ತಿದ್ದ. ತಾನು ಮಾತ್ರ ಒಂದು ತೊಟ್ಟು ಬಾಯಿಗಿಟ್ಟವನಲ್ಲ. ಹೇಳಿದರೆ ಜನ ನಗುತ್ತಿದ್ದರು; ನಗಲಿ ಬಿಡಿ. ಆದರೆ ಆ ಆರು ವರ್ಷದಿಂದ ಹೆತ್ತ ತಾಯಿ ದಾಕ್ಷಾಯಣಮ್ಮ ಅವನ ಕೈಯಿಂದ ಒಂದು ಲೋಟ ನೀರನ್ನೂ ತೆಗೆದುಕೊಂಡಿರಲಿಲ್ಲ. ಅದು ನಗುವ ವಿಷಯವಲ್ಲ. ಬೈದವಳಲ್ಲ, ಮಾತು ಬಿಟ್ಟವಳೂ ಅಲ್ಲ. ಊಟ ಆಯಿತಾ ಎಂದು ಕೇಳುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು. ಅವನು ನೀರು ತಂದರೆ ಮಾತ್ರ 'ಅಲ್ಲಿಡು' ಎಂದು, ಆಮೇಲೆ ಸೊಸೆ ಪ್ರೇಮಮ್ಮನನ್ನು ಕರೆದು ಬೇರೆ ತರಿಸಿಕೊಳ್ಳುತ್ತಿದ್ದಳು. ಹೆಂಡ ಮುಟ್ಟಿದ ಕೈ ಎಂದು ಹೇಸುತ್ತಾಳೆ ಅಂದುಕೊಂಡು ಅವನು ಒಳಗೊಳಗೇ ನೊಂದಿದ್ದ. ಬಾಯಿಬಿಟ್ಟು ಕೇಳಬಾರದಿತ್ತೇ? ಕೇಳಲಿಲ್ಲ. ಮಗನಿಗೂ ಬಿಗುಮಾನ, ತಾಯಿಗೂ ಬಿಗುಮಾನ.

2004ರ ದಸರೆಗೆ ಮೈಸೂರಿನದೇ ಅನ್ನಿಸುವ ಹೊಸ ಕಾಕ್‌ಟೇಲ್ ಬೇಕೆಂದು ಮ್ಯಾನೇಜರ್ ಕೇಳಿದ್ದರು. ಒಂದೇ ಗುಟುಕಿಗೆ ಮುಗಿಯುವ ಪುಟ್ಟ ಗ್ಲಾಸು, ಅದರಲ್ಲಿ ಮೂರು ಬಣ್ಣ. ತಳದಲ್ಲಿ ಶುಂಠಿ, ಏಲಕ್ಕಿ ಹಾಕಿ ಕುದಿಸಿದ ಬೆಲ್ಲದ ಪಾಕ. ಅದರ ಮೇಲೆ ಸಕ್ಕರೆ ಬೆರೆಸಿದ ದಾಳಿಂಬೆ ರಸ. ಎಲ್ಲಕ್ಕೂ ಮೇಲೆ ನಿಂಬೆ, ಕಾಳುಮೆಣಸು ಸೇರಿದ ರಮ್. ಸಿಹಿ ಹೆಚ್ಚಿದ್ದದ್ದು ಕೆಳಗೆ ಕೂರುತ್ತದೆ. ಚಮಚವನ್ನು ಬೋರಲು ಹಿಡಿದು, ಅದರ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿದರೆ ಒಂದಕ್ಕೊಂದು ಕಲೆಯುವುದಿಲ್ಲ. ಬಣ್ಣವೇನೋ ಚೆನ್ನಾಗಿ ಕೂತಿತು, ಶುಂಠಿಯ ಹದ ಮಾತ್ರ ಕೈಗೆ ಸಿಕ್ಕಲೊಲ್ಲದು. ಅದನ್ನು ಹೇಳಬಲ್ಲ ನಾಲಿಗೆ ಅವನಿಗೆ ಗೊತ್ತಿದ್ದದ್ದು ಒಂದೇ, ಅದು ಲಕ್ಷ್ಮೀಪುರಂನ ಅವನ ಮನೆಯಲ್ಲೇ ಇತ್ತು.

ರಜೆಯ ದಿನ ಮಧ್ಯಾಹ್ನ, ರಮ್ಮಿನ ಬದಲು ನೀರು ಹಾಕಿ ಗ್ಲಾಸು ಸಿದ್ಧಮಾಡಿ ತಾಯಿಯ ಮುಂದೆ ಹಿಡಿದ.

"ಅವ್ವ, ಇದ್ರಲ್ಲಿ ಹೆಂಡ ಇಲ್ಲ, ಬರೀ ಪಾನಕ. ಶುಂಠಿ ಸರಿ ಇದ್ಯಾ ನೋಡ್ಬುಡು."

"ಅಲ್ಲಿಡು."

ಅಂದು ಅವನು ಇಡಲಿಲ್ಲ. "ಆರು ವರ್ಷ ಆಯ್ತು ಕಣವ್ವ. ಇನ್ನೆಷ್ಟು ದಿನ ನನ್ ಕೈ ಹೊಲಸು?" ಎಂದ.

ದಾಕ್ಷಾಯಣಮ್ಮ ಮಗನ ಮುಖ ನೋಡಿದಳು. "ಹೆಂಡದ ಕೆಲಸ ನಂಗೆ ಹಿಡಿಸಿಲ್ಲ, ನಿಜ. ಆದ್ರೆ ನೀರು ಬಿಟ್ಟಿದ್ದು ಅದಕ್ಕಲ್ಲ ಕಣೋ. ಕೆಲಸಕ್ಕೆ ಸೇರಿದ ದಿನವೇ ಕೊರಳಲ್ಲಿದ್ದ ಲಿಂಗ ಬಿಚ್ಚಿಟ್ಬುಟ್ಟೆ. ಮೈಮೇಲೆ ಲಿಂಗ ಇಲ್ದೋನ ಕೈ ನೀರು ನಾನೆಂಗೆ ಕುಡೀಲಿ?"

ಸಿದ್ದಲಿಂಗಸ್ವಾಮಿ ಬೆಪ್ಪಾದ. ಬಾರಿನಂಥ ಜಾಗಕ್ಕೆ ಒಯ್ದರೆ ಅಪಚಾರವೆಂದು ಹೆದರಿ ಅದನ್ನು ದೇವರ ಗೂಡಿನಲ್ಲಿಟ್ಟಿದ್ದ. ದಿನಾ ಬೆಳಗ್ಗೆ ಅಂಗೈಯಲ್ಲಿಟ್ಟು ಪೂಜೆ ಮಾಡಿ ಮತ್ತೆ ಅಲ್ಲೇ ಇಡುತ್ತಿದ್ದ. ಭಕ್ತಿಯಿಂದಲೇ ಮಾಡಿದ ಎಡವಟ್ಟು. ಅದನ್ನೇ ತೊದಲುತ್ತ ಹೇಳಿದ.

"ಅಯ್ಯೋ ಪೆದ್ದ," ಎಂದಳು ತಾಯಿ. "ನೀನು ಹೋಗೋ ಜಾಗಕ್ಕೆ ಶಿವ ಬರಲ್ಲ ಅಂತ ಯಾರು ಹೇಳಿದ್ರು ನಿಂಗೆ? ಮಗ ಒಬ್ನೇ ಹೋಗ್ತಾನಲ್ಲ ಅಂತ ದಿನಾ ಎಷ್ಟು ಸಂಕಟಪಟ್ಟಿದ್ದೀನಿ ಗೊತ್ತಾ?"

ಎದ್ದು ಹೋಗಿ ಲಿಂಗದ ಕರಡಿಗೆ ತಂದು, ತಾನೇ ಮಗನ ಕೊರಳಿಗೆ ಕಟ್ಟಿದಳು. ಗಂಟು ಹಾಕುವಷ್ಟರಲ್ಲಿ ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಆಮೇಲೆ ಅವನ ಕೈಯಿಂದ ಗ್ಲಾಸು ತೆಗೆದುಕೊಂಡು, ತುಟಿಗೆ ತಾಗಿಸದೆ ಮೇಲೆತ್ತಿ ಬಾಯಿಗೆ ಸುರಿದುಕೊಂಡಳು.

"ಶುಂಠಿ ಸಾಲ್ದು. ಇನ್ನೊಂದು ಮಾಡ್ಕೊಂಡು ಬಾ."

ಅವನು ಅಡುಗೆಮನೆಗೆ ಹೋಗಿ, ಪಾಕಕ್ಕೆ ಇನ್ನಷ್ಟು ಶುಂಠಿ ಸೇರಿಸಿ, ಚಮಚ ಹಿಡಿದ. ಕೈ ನಿಲ್ಲಲೇ ಇಲ್ಲ. ದಾಳಿಂಬೆ ರಸ ಬೆಲ್ಲದೊಳಕ್ಕೆ ನುಗ್ಗಿತು, ನಿಂಬೆ ಎಲ್ಲದರೊಳಗೂ ಬೆರೆಯಿತು, ಮೂರು ಬಣ್ಣವೂ ಕಲಸಿ ಕೆಸರಿನ ಬಣ್ಣವಾಯಿತು. ಚೆಲ್ಲಿ ಬೇರೆ ಮಾಡೋಣವೆಂದು ತಿರುಗಿದರೆ ತಾಯಿ ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಳು. ಕೊಟ್ಟ. ಅದನ್ನೂ ಕುಡಿದಳು.